ಆಷಾಢದ ಪಾಯ

ಪಾಯದ ಮೊದಲ ಕಲ್ಲು ಯಾವ ಮಾಸದಲ್ಲಿ ಬೀಳುತ್ತಿತ್ತೋ ಆ ಮಾಸದ ಹವೆ ಮನೆಯೊಳಗೆ ಶಾಶ್ವತವಾಗಿ ನಿಂತುಬಿಡುತ್ತಿತ್ತು. ಹಾಗಾಗಿ ಗದಗಿನ ಜನ ಮಾಘಕ್ಕೆ ಕಾಯುತ್ತಿದ್ದರು. ಸುಲಭಾಳ ಮಾವ ಮಾತ್ರ ಅವಸರಪಟ್ಟು ವೈಶಾಖದಲ್ಲಿ ಪಾಯ ಹಾಕಿಸಿದ್ದರು. ಮಳೆಗಾಲದಲ್ಲೂ ಆ ಮನೆಯೊಳಗೆ ಧಗೆ. ದಮ್ಮಿನಿಂದ ಬಳಲುವ ಅತ್ತೆ ಗೌರವ್ವ ಅಲ್ಲಿ ಮಲಗಲಾರದೆ ಗೋಡೆಗೊರಗಿ ಕೂತೇ ನಿದ್ದೆ ಮಾಡುತ್ತಿದ್ದರು.

ಈಗ ಹೊಸ ಮನೆ. ಸುಲಭಾ ಆರಿಸಿದ್ದು ಆಷಾಢ.

"ಅಕ್ಕಾರ, ಆಷಾಢದಾಗ ಯಾರರ ಪಾಯಾ ಹಾಕ್ತಾರೇನ್ರಿ?" ಮೇಸ್ತ್ರಿ ಮಾಬುಸಾಬ ನಕ್ಕ. "ಜೀವನಪೂರ್ತಿ ಗಾಳಿ! ಬಡದ ರೊಟ್ಟಿ ಹಂಚಿನ ಮ್ಯಾಲ ನಿಲ್ಲೂದಿಲ್ಲ, ಓಣಿಗೆ ಹಾರತಾವ್ರಿ."

"ಹಾರ್ಲಿ, ಹಿಡಕೊಂಡ ಬರ್ತೀನಿ," ಎಂದಳು. ವರ್ಷದಲ್ಲಿ ಆಷಾಢದ ಗಾಳಿ ಬೀಸುವಾಗಷ್ಟೇ, ಹೊರಗಿನ ಕಟ್ಟೆಯ ಮೇಲೆ, ಅತ್ತೆ ಸಲೀಸಾಗಿ ಉಸಿರಾಡುವುದನ್ನು ಅವಳು ಗಮನಿಸಿದ್ದಳು. ಕಂಡದ್ದು ತಪ್ಪಾಗಿದ್ದರೆ? ಕಲ್ಲು ಕಿತ್ತರೂ ಹವೆ ಹೋಗುವುದಿಲ್ಲ.

ಕಲ್ಲು ಬಿತ್ತು. ಗೋಡೆ ಏಳುವ ತನಕ ಏನೂ ಗೊತ್ತಾಗುವಂತಿರಲಿಲ್ಲ.

ಭಾದ್ರಪದದ ಒಂದು ಮಧ್ಯಾಹ್ನ, ಗೋಡೆಗಳು ಮೊಣಕಾಲೆತ್ತರಕ್ಕೆ ಬಂದಾಗ, ಸುಲಭಾ ಅತ್ತೆಯನ್ನು ಕೈಹಿಡಿದು ಕರೆತಂದಳು. ಹೊರಗೆ ಬೇವಿನ ಎಲೆಯೂ ಅಲುಗುತ್ತಿರಲಿಲ್ಲ. ಒಳಗೆ ಕಾಲಿಟ್ಟದ್ದೇ ಇಬ್ಬರ ಸೆರಗೂ ಪಟಪಟನೆ ಹಾರಿದವು. ಮೇಲೆ ಛಾವಣಿಯೇ ಇಲ್ಲ. ಆದರೂ ಆ ಪುಟ್ಟ ಚೌಕದೊಳಗೆ ಇಡೀ ಆಷಾಢ ಸುತ್ತುತ್ತಿತ್ತು, ಒಂದೆಳೆಯೂ ಆಚೆ ಸೋರದೆ.

ಮಾಬುಸಾಬ ಟೊಪ್ಪಿಗೆ ಹಿಡಿದುಕೊಂಡು ಬಾಯಿ ತೆರೆದು ನಿಂತ.

ಗೌರವ್ವ ಕಣ್ಣು ಮುಚ್ಚಿ ಎದೆತುಂಬ ಉಸಿರೆಳೆದರು. ಗೊರಗೊರ ಸದ್ದಿರಲಿಲ್ಲ.

"ಸುಲಭಾ, ಇಲ್ಲೇ ಒಂದ ಚಾಪಿ ಹಾಸವಾ," ಎಂದರು. "ಮಲಕ್ಕೊಂಡ ನೋಡ್ತೀನಿ."