ಮುದ್ದಮ್ಮನಿಗೆ ಬರುತ್ತಿದ್ದ ಆದಿನುಡಿ

"ಆ ಮುದುಕಿಗೆ ಈ ಭಾಷೆ ಕಲಿಸಿದವರು ನೀವೇ. ಒಪ್ಪಿಕೊಂಡುಬಿಡಿ, ನಾಗಯ್ಯನವರೇ."

ನಂಜನಗೂಡಿನ ನಿವೃತ್ತ ಕನ್ನಡ ಉಪನ್ಯಾಸಕ ಶಂಭುಲಿಂಗಪ್ಪನವರು ಇದನ್ನು ಮೈಕಿನಲ್ಲೇ ಹೇಳಿದರು. ಟಿ. ನರಸೀಪುರದ ಶಾಲೆಯೊಂದರ ಸಭಾಂಗಣ ಕಿಕ್ಕಿರಿದಿತ್ತು. ಯಾರೋ ಕಿಸಕ್ಕನೆ ನಕ್ಕರು. ನಿವೃತ್ತ ಹೆಡ್‌ಮಾಸ್ಟರ್ ನಾಗಯ್ಯನವರ ಕಿವಿ ಕೆಂಪಗಾಯಿತು.

"ಪರೀಕ್ಷೆ ಮಾಡಿ," ಎಂದರು. "ನನ್ನದು ಸುಳ್ಳೆಂದು ತೋರಿಸಿದರೆ, ಹತ್ತೊಂಬತ್ತು ವರ್ಷ ಬರೆದದ್ದನ್ನೆಲ್ಲ ಈಗಲೇ ಹೋಗಿ ಸಂಗಮದಲ್ಲಿ ಬಿಟ್ಟುಬರುತ್ತೇನೆ."

ಮೇಷ್ಟ್ರ ಹಟ ಸಾಮಾನ್ಯದ್ದಲ್ಲ. ಹಿಂದೆ ಹೊಳೆ ದಡದಲ್ಲಿ ಅಗೆದಾಗ ನವಶಿಲಾಯುಗದವರ ಮಡಕೆ ಸಿಕ್ಕಿತ್ತು, ಎಲುಬು ಸಿಕ್ಕಿತ್ತು. ಮಾತು ಮಾತ್ರ ಸಿಕ್ಕಿರಲಿಲ್ಲ. ಅದನ್ನು ತಾವೇ ಹುಡುಕಬೇಕೆಂದು ೧೯೭೯ರಲ್ಲಿ ಪೆನ್ನು ಹಿಡಿದು ಕೂತರು. ಮೊದಲ ಮನುಷ್ಯ ವಸ್ತುಗಳಿಗೆ ಬಾಯಿಗೆ ಬಂದ ಹೆಸರು ಇಟ್ಟಿರಲಾರ, ಶಬ್ದದೊಳಗೇ ಅರ್ಥ ಇದ್ದಿರಬೇಕು ಎಂಬುದು ಅವರ ತತ್ತ್ವ. ತುಟಿ ಮುಚ್ಚಿ ಹುಟ್ಟುವ 'ಮ' ಆಶ್ರಯ. ತುಟಿ ಸಿಡಿದು ಹುಟ್ಟುವ 'ಬ' ಹರಿವು. ಕಣ್ಣು ಮುಚ್ಚಿ ಕೂತರೆ ಸಾಕು, ಪದಗಳು ತಾವಾಗಿಯೇ ನಾಲಗೆಗೆ ಬರುತ್ತಿದ್ದವು. 'ಇಬ್ಬು' ಎಂದರೆ ನೀರು. 'ತಗ್ಗಿ' ಎಂದರೆ ನೆಲ. 'ಮುಮ್ಮ' ಎಂದರೆ ಲೋಕಮಾತೆ. ಹೀಗೆ ನೂರೆಂಟು ಪದ, ಒಂದು ವ್ಯಾಕರಣ, ಒಂದು ಸ್ತೋತ್ರ. ಹೆಸರು ಆದಿನುಡಿ. ಆಡುವವರು ಒಬ್ಬರೇ.

ಹೆಂಡತಿ ಇದ್ದಾಗ ಒಮ್ಮೆ, "ನಿಮ್ಮ ನುಡೀಲಿ ಸೊಪ್ಪು ತನ್ನಿ ಅನ್ನಕ್ಕೆ ಏನಂತಾರೆ?" ಎಂದು ಕೇಳಿದ್ದಳು. ಸೊಪ್ಪಿಗೆ ಪದ ಇರಲಿಲ್ಲ. ಆಮೇಲೆ ಅವಳು ಕೇಳಲೂ ಇಲ್ಲ. ಅವಳು ಹೋದ ಮೇಲೆ ಮೇಷ್ಟ್ರು ಕನ್ನಡಿಯ ಮುಂದೆ ನಿಂತು ಆದಿನುಡಿಯಲ್ಲಿ ಮಾತಾಡಿಕೊಳ್ಳುವುದನ್ನು ನೆರೆಯವರು ಕಂಡಿದ್ದರು.

ಅದನ್ನಾಡುವ ಎರಡನೆಯ ಬಾಯಿ ಸಿಕ್ಕಿದ್ದು ಹೋದ ತಿಂಗಳು, ಹದಿನಾರು ಎಂಬ ಊರಿನಲ್ಲಿ. ಅದು ಅವರ ತಾಯಿಯ ತವರೂರು. ತವರಿನವರು ಎಂದೋ ಊರು ಬಿಟ್ಟಿದ್ದರು. ಹಳಬರ ಮಾತನ್ನು ಟೇಪ್‌ರೆಕಾರ್ಡರಿನಲ್ಲಿ ಹಿಡಿಯಲು ಹೋದ ಮೇಷ್ಟ್ರು, ಕೇರಿಯ ಜಗಲಿಯೊಂದರ ಮೇಲೆ ಕೂತು ಸುಮ್ಮನೆ ಸ್ತೋತ್ರ ಗುನುಗಿದರು. ಎದುರಿಗೆ ಹುರುಳಿ ಕೇರುತ್ತಿದ್ದ ಮುದ್ದಮ್ಮ ಮೊರ ಕೆಳಗಿಟ್ಟಳು. ಎಪ್ಪತ್ತು ದಾಟಿದ ಮುದುಕಿ. ಅದೇ ನುಡಿಯಲ್ಲಿ, ತಡವರಿಸದೆ, ಉತ್ತರ ಕೊಟ್ಟಳು!

ಮೇಷ್ಟ್ರು ಜಗಲಿಯಿಂದ ಎದ್ದು ನಿಂತರು. ನಾಲ್ಕು ಸಾವಿರ ವರ್ಷ ಒಂದೇ ಕೇರಿಯಲ್ಲಿ ಅಡಗಿ ಉಳಿದ ನುಡಿಯನ್ನು ತಾನು ಬರೀ ಯೋಚನೆಯಿಂದ ಮುಟ್ಟಿಬಿಟ್ಟೆನೇ?

ಮುದ್ದಮ್ಮ ಅವರ ಮುಖವನ್ನೇ ದಿಟ್ಟಿಸಿ, "ಸಾ, ನಿಮ್ಮವ್ವನ ಎಸ್ರೇನು?" ಎಂದಳು.

"ಅವ್ವಾ, ಮನೆ ಮಾತು ಬೇಡ," ಎಂದರು ಮೇಷ್ಟ್ರು, ಅವಸರದಲ್ಲಿ. "ನಿಮ್ಮ ಹತ್ರ ಹೆಚ್ಚು ಮಾತಾಡಿದರೆ ನಾನೇ ಹೇಳಿಕೊಟ್ಟೆ ಅಂತಾರೆ. ಸಭೇಲಿ ಕೇಳಿದ್ದಕ್ಕಷ್ಟೇ ಉತ್ತರ ಹೇಳಿ, ಸಾಕು."

"ಆಗ್ಲಿ ಬುಡಿ," ಎಂದು ಮುದ್ದಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಶಂಭುಲಿಂಗಪ್ಪನವರು ಪರೀಕ್ಷೆಯಲ್ಲಿ ಪಳಗಿದ ಕೈ. ಕಣ್ಸನ್ನೆಗೆ ಅವಕಾಶ ಕೊಡಬಾರದೆಂದು ಮೇಷ್ಟ್ರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ನೋಟ್‌ಬುಕ್ಕನ್ನು ತಾವೇ ಕೈಗೆತ್ತಿಕೊಂಡು, ನಡುನಡುವಿನ ಹಾಳೆ ತೆಗೆದು, ಸಭೆಯ ಮುಂದೆ ಕೂತಿದ್ದ ಮುದ್ದಮ್ಮನನ್ನು ಕೇಳಿದರು.

"ಇಬ್ಬು?"

"ನೀರು."

"ತಗ್ಗಿ?"

"ಕೆಳ್ಗೆ ಸಾ, ನೆಲ. ತಗ್ಗಿ ಅಲ್ಲ, ತಗ್ಗೀ... ವಸಿ ಎಳೀಬೇಕು."

ಸಭೆ ಚಪ್ಪಾಳೆ ತಟ್ಟಿತು. ಇಪ್ಪತ್ತು ಪದ ಕೇಳಿದರು. ಇಪ್ಪತ್ತೂ ಸರಿ. ಗೋಡೆಯ ಕಡೆ ತಿರುಗಿದ್ದ ಮೇಷ್ಟ್ರು ಯಾರಿಗೂ ಕಾಣದ ಹಾಗೆ ಕಣ್ಣು ಒರೆಸಿಕೊಂಡರು. ಸೊಪ್ಪಿನ ಪದ ಕೇಳಿದವಳು ಇವತ್ತು ಇರಬೇಕಿತ್ತು ಎನ್ನಿಸಿತು.

ಶಂಭುಲಿಂಗಪ್ಪನವರು ಸ್ತೋತ್ರ ಓದಿದರು. "ಇಬ್ಬು ಜೋಯ್, ತಗ್ಗೀ ಇಬ್ಬು, ಮುಮ್ಮಾ ಗೂಯಿ."

"ನೀರು ಓಯ್ತು, ಕೆಳ್ಗೆಲ್ಲ ಒದ್ದೆ, ಮುಮ್ಮಾ ಎತ್ಕೋ."

ನೋಟ್‌ಬುಕ್ಕಿನಲ್ಲಿ ಇದ್ದದ್ದು: ಜಲ ಹರಿಯಿತು, ನೆಲ ನೆನೆಯಿತು, ಲೋಕಮಾತೆಯೇ ಎತ್ತಿಕೋ. ಶಂಭುಲಿಂಗಪ್ಪನವರ ದನಿ ಮೊದಲ ಸಲ ಕುಗ್ಗಿತು.

"ಈ ಮುಮ್ಮ ಅಂದರೆ ಯಾರಮ್ಮ?"

ಮುದ್ದಮ್ಮ ನಗು ತಡೆಯಲಾರದೆ ತನ್ನ ಎದೆಯನ್ನೇ ತೋರಿಸಿಕೊಂಡಳು.

ಇಣುಕಿ ನೋಡಿದ ಮೇಷ್ಟ್ರು ಗೋಡೆ ಬಿಟ್ಟು ಓಡಿಬಂದರು. "ನೋಡಿದಿರಾ! ಪ್ರತಿ ಹೆಣ್ಣಿನಲ್ಲೂ ಲೋಕಮಾತೆಯನ್ನು ಕಂಡ ಸಮಾಜ ಅದು!" ಸಭೆ ಎದ್ದು ನಿಂತಿತು.

ಶಂಭುಲಿಂಗಪ್ಪನವರು ಕನ್ನಡಕ ಒರೆಸಿಕೊಂಡು ಕಡೆಯ ಬಾಣ ಬಿಟ್ಟರು. "ಅಮ್ಮಾ, ನಂಜುಂಡೇಶ್ವರನ ಮೇಲೆ ಆಣೆ. ಈ ಭಾಷೆ ನಿನಗೆ ಯಾರಿಂದ ಬಂತು? ನಿಮ್ಮಜ್ಜಿಯಿಂದಲೋ, ಈ ಮನುಷ್ಯನಿಂದಲೋ?"

"ಇವ್ರಿಂದ್ಲೇ ಸಾ. ಆಣೆ ಇಕ್ಕುದ್ ಮೇಲೆ ಸುಳ್ ಏಳಾಕಾಯ್ತದಾ? ಇವ್ರೇ ಕಲ್ಸುದ್ದು."

ಮೇಷ್ಟ್ರು ಮೇಜನ್ನು ಹಿಡಿದುಕೊಂಡರು. ಬಾಯಿ ತೆರೆದರು, ಕನ್ನಡವೂ ಬರಲಿಲ್ಲ, ಆದಿನುಡಿಯೂ ಬರಲಿಲ್ಲ.

"ಸಿಕ್ಕಿತಲ್ಲ!" ಶಂಭುಲಿಂಗಪ್ಪನವರು ಮೈಕನ್ನು ಮುದುಕಿಯ ಬಾಯಿಗೇ ಹಿಡಿದರು. "ಜೋರಾಗಿ ಹೇಳು. ಯಾವಾಗ ಕಲಿಸಿದರು? ಹೋದ ತಿಂಗಳೋ, ನಿನ್ನೆಯೋ?"

"ಅರವತ್ ವರ್ಸ ಆಯ್ತು ಸಾ. ಇವ್ನವ್ವ ಕಾಯ್ಲೆ ಬಿದ್ದು ಕೂಸ್ನ ನಮ್ ಕೇರೀಲಿ ಬುಟ್ಟಿದ್ಲು. ಎಲ್ಡು ವರ್ಸ ನನ್ ಸೊಂಟದ ಮ್ಯಾಲೆ ಉಚ್ಚೆ ಉಯ್ಕಂಡು ದಿನಾ ಇದ್ನೇ ಏಳ್ತಿದ್ದ."