ಬೆನ್ನಿನ ಸಾಕ್ಷಿ

ಹಳೆಯ ಗ್ರೀಸಿನ ಆ ಊರಿನಲ್ಲಿ ಗುಲಾಮನ ಸಾಕ್ಷಿಯನ್ನು ನ್ಯಾಯಸಭೆ ನಂಬಬೇಕಾದರೆ, ಅವನಿಗೆ ಚಾವಟಿಯಲ್ಲಿ ಹೊಡೆದೇ ಬಾಯಿ ಬಿಡಿಸಬೇಕಿತ್ತು. ಈ ಕಟ್ಟಳೆಯನ್ನು ಸಂತೆಯ ನಡುವೆ ನಿಂತು ಹಳಿಯುತ್ತಿದ್ದವನು ತತ್ವಜ್ಞಾನಿ ಒಬ್ಬನೇ. "ಒಡೆಯನಿಗಾದರೂ ಗುಲಾಮನಿಗಾದರೂ ಏಟು ಬಿದ್ದರೆ ನೋವು ಒಂದೇ ಕಣ್ರಯ್ಯಾ" ಎಂದು ಅವನು ದೊಡ್ಡವರಿಗೆ ಚುಚ್ಚುವಾಗ, ನೀರಿನ ಹೂಜಿ ಹಿಡಿದು ಹಿಂದೆ ನಿಂತ ಅವನ ಗುಲಾಮನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಕೊನೆಗೊಂದು ದಿನ ದೊಡ್ಡವರು ತತ್ವಜ್ಞಾನಿಯನ್ನು ಸಭೆಗೆ ಎಳೆಸಿದರು.

"ಊರ ಕಟ್ಟಳೆಯನ್ನೇ ಹಳಿದೆಯಂತೆ. ಇದಕ್ಕೆ ಶಿಕ್ಷೆ ವಿಷ. ನಿನ್ನ ಪರ ಹೇಳುವವರು ಯಾರಾದರೂ ಇದ್ದಾರೆಯೇ?" ಎಂದು ನ್ಯಾಯಾಧೀಶ ಕೇಳಿದ.

ಸಂತೆಯಲ್ಲಿ ಚಪ್ಪಾಳೆ ತಟ್ಟಿದವರು ನೆಲ ನೋಡುತ್ತ ಕೂತರು. ಎದ್ದವನು ಗುಲಾಮ.

"ನಮ್ಮ ಒಡೆಯರು ಹಾಗೆ ಅಂದಿಲ್ಲ ಸ್ವಾಮಿ" ಎಂದು ಅವನು ಸುಳ್ಳಾಡಿದ.

"ನಿನ್ನ ಬರೀ ಬಾಯಿಮಾತು ಇಲ್ಲಿ ನಡೆಯುವುದಿಲ್ಲ. ಗೊತ್ತಿಲ್ಲವೇ?"

ಗುಲಾಮ ಒಡೆಯನ ಮುಖ ನೋಡಿದ. ಈಗ ಇವರು ಸಂತೆಯ ಮಾತನ್ನು ಇಲ್ಲೂ ಆಡುತ್ತಾರೆ ಅಂದುಕೊಂಡ.

ತತ್ವಜ್ಞಾನಿ ಗಂಟಲು ಸರಿಮಾಡಿಕೊಂಡ.

"ನಾನು ಹಾಗೆ ಅಂದೇ ಇಲ್ಲ ಸ್ವಾಮಿ. ಬೇಕಾದರೆ ಇವನಿಗೆ ಹೊಡೆದು ಕೇಳಿ."