ಮಲಗಿ ನೋಡಿದ ಮನೆ

ಮನೆ ಕೊಳ್ಳಲು ಬಂದವರು ಚಾಪೆ, ದಿಂಬು ಹೊತ್ತು ತಂದದ್ದನ್ನು ಕಂಡು ದಲ್ಲಾಳಿ ತಬ್ಬಿಬ್ಬಾದ. ಗೋಡೆ ತಟ್ಟಿ ನೋಡುವವರು, ನಲ್ಲಿ ತಿರುಗಿಸಿ ನೋಡುವವರು ಅವನಿಗೆ ಹೊಸಬರಲ್ಲ. ಮಲಗಿ ನೋಡುತ್ತೇವೆ ಎಂದವರು ಇವರೇ ಮೊದಲು. "ಇವರದು ರಾತ್ರಿ ಪಾಳಿ. ಮಲಗೋದೆಲ್ಲ ಹಗಲೇ. ಇಲ್ಲಿ ನಿದ್ದೆ ಬರುತ್ತಾ ಅಂತ ನೋಡ್ಬೇಕು," ಎಂದಳು ಹೆಂಡತಿ, ಗಂಡನ ಕಡೆ ಕೈ ತೋರಿಸಿ. ದಲ್ಲಾಳಿ ಹಿತ್ತಲ ಗೋಡೆಯನ್ನು ಒಮ್ಮೆ ಓರೆಗಣ್ಣಿನಲ್ಲಿ ನೋಡಿ, ಬೀಗದ ಕೈ ಅವಳಿಗೆ ಕೊಟ್ಟು, ಮಧ್ಯಾಹ್ನ ಬರುತ್ತೇನೆಂದು ಮೆಲ್ಲಗೆ ಜಾರಿಕೊಂಡ. ಆ ಗೋಡೆಯ ಆಚೆಗೇ ಶಾಲೆಯ ಆಟದ ಬಯಲು. ಮನೆ ಇವರ ಕೈಗೆಟುಕುವ ಬೆಲೆಗೆ ಸಿಗುತ್ತಿದ್ದುದೇ ಆ ಕಾರಣಕ್ಕೆ.

ಗಂಡ ಪತ್ರಿಕೆಯ ಪ್ರೆಸ್ಸಿನಲ್ಲಿ ಯಂತ್ರ ನಡೆಸುವವನು. ಇಡೀ ರಾತ್ರಿ ಕಿವಿ ಕಿತ್ತುಹೋಗುವ ಸದ್ದಿನ ಪಕ್ಕದಲ್ಲಿ ಆರಾಮಾಗಿ ನಿಲ್ಲುವ ಈ ಆಸಾಮಿಗೆ ಹಗಲಿನಲ್ಲಿ ಒಂದು ಚಮಚ ಬಿದ್ದರೂ ಸಾಕು, ನಿದ್ದೆ ಹಾರಿಹೋಗುತ್ತಿತ್ತು. ಬಾಡಿಗೆಗಿದ್ದದ್ದು ಒಂದೇ ಕೋಣೆ, ಅದರ ಮೂಲೆಯಲ್ಲೇ ಅಡುಗೆ. ಹಾಗಾಗಿ ಅವಳು ಬಟ್ಟೆ ಹಾಸಿ ಅದರ ಮೇಲೆ ಪಾತ್ರೆ ಇಡುವುದನ್ನು ಕಲಿತಿದ್ದಳು, ಕುಕ್ಕರ್ ಕೂಗುವ ಮೊದಲೇ ಒಲೆ ಸಣ್ಣ ಮಾಡುವುದನ್ನು ಕಲಿತಿದ್ದಳು. ಗಂಡನ ಮೇಲಿನ ಸಿಟ್ಟನ್ನು ಪಕ್ಕದ ಮನೆಯವಳ ಹತ್ತಿರ ತೋಡಿಕೊಳ್ಳುತ್ತಿದ್ದುದೂ ಪಿಸುಮಾತಿನಲ್ಲೇ. ಮಗಳಂತೂ ಹುಟ್ಟಿದಾಗಿನಿಂದ ಇದೇ ಪಾಠದಲ್ಲಿ ಬೆಳೆದವಳು: ನಡೆದರೆ ತುದಿಗಾಲು, ನಕ್ಕರೆ ಬಾಯಿಗೆ ಕೈ. ಮಗ್ಗಿ ಕಲಿತದ್ದೂ ಬರೀ ತುಟಿ ಅಲ್ಲಾಡಿಸಿ. ತರಗತಿಯಲ್ಲಿ ಇವಳ ಉತ್ತರ ಮುಂದಿನ ಬೆಂಚಿಗೂ ಕೇಳಿಸುವುದಿಲ್ಲ ಎಂದು ಟೀಚರ್ ಹೇಳಿಕಳಿಸಿದ ದಿನವೇ ತಾಯಿ ಎರಡು ಕೋಣೆಯ ಮನೆ ಹುಡುಕಲು ಹೊರಟದ್ದು.

ಸದ್ದುಗದ್ದಲವಿಲ್ಲದ ಬೀದಿಯ ಮನೆಗಳ ಬೆಲೆ ಕೇಳಿಯೇ ವಾಪಸ್ಸು ಬಂದಿದ್ದಾಯಿತು. ಉಳಿದದ್ದು ಇದೊಂದು. ಬಾಡಿಗೆ ಮನೆಯಾದರೆ, ಸರಿಹೋಗದಿದ್ದರೆ ಗಂಟುಮೂಟೆ ಕಟ್ಟಬಹುದು. ಕೊಂಡ ಮೇಲೆ ನಿದ್ದೆ ಬರಲಿಲ್ಲ ಎಂದು ಯಾರ ಮುಂದೆ ಅಳುವುದು? ನಿದ್ದೆಗೆಟ್ಟ ಕಣ್ಣಿನಲ್ಲಿ ಆ ಯಂತ್ರಕ್ಕೆ ಕೈ ಹಾಕಿದರೆ ಏನಾದೀತೆಂಬುದೂ ಅವಳಿಗೆ ಗೊತ್ತಿತ್ತು. ಅದಕ್ಕೇ ಶಾಲೆ ನಡೆಯುವ ದಿನವನ್ನೇ ನೋಡಿ, ಮಗಳಿಗೂ ರಜೆ ಹಾಕಿಸಿ, ಪಾಳಿ ಮುಗಿಸಿ ಬಂದ ಗಂಡನನ್ನು ನೇರ ಇಲ್ಲಿಗೇ ಕರೆತಂದಿದ್ದಳು.

ಅವನು ಒಳಕೋಣೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದ. ಅವಳು ಖಾಲಿ ಅಡುಗೆಮನೆಯಲ್ಲಿ ನಿಂತಳು. ಬೇರೆಯದೇ ಅಡುಗೆಮನೆ, ಅದಕ್ಕೊಂದು ಬಾಗಿಲು, ಒಂದು ಕಿಟಕಿ. ಒಲೆ ಇಲ್ಲಿ, ಡಬ್ಬಿಗಳು ಅಲ್ಲಿ ಎಂದು ಮನಸ್ಸಿನಲ್ಲೇ ಸಾಮಾನು ಜೋಡಿಸುತ್ತಿರುವಾಗ ಶಾಲೆಯ ಗಂಟೆ ಹೊಡೆಯಿತು. ಮಕ್ಕಳೆಲ್ಲ ಒಮ್ಮೆಲೇ ಬಯಲಿಗೆ ನುಗ್ಗಿದರು. ಅವಳ ಜೀವ ಬಾಯಿಗೆ ಬಂತು. ಓಡಿಹೋಗಿ ಬಾಗಿಲ ಸಂದಿಯಲ್ಲಿ ಇಣುಕಿದಳು. ಗಂಡ ಕಣ್ಣು ಮುಚ್ಚಿಕೊಂಡು ಪರಮ ಸುಖಿಯಂತೆ ಬಿದ್ದುಕೊಂಡಿದ್ದ. ಆದರೆ ಗೊರಕೆ ಇರಲಿಲ್ಲ. ನಿಜವಾಗಿ ನಿದ್ದೆ ಬಂದರೆ ಸುಮ್ಮನಿರುವ ಮೂಗಲ್ಲ ಅದು. ತಮಗಾಗಿ ನಾಟಕ ಆಡುತ್ತಿದ್ದಾನೆ ಎಂದು ಅವಳಿಗೆ ತಿಳಿಯಿತು. ನಂಬಿದವಳ ಹಾಗೆ ಇದ್ದುಬಿಟ್ಟರೆ ಮನೆ ತಮ್ಮದಾಗುತ್ತದೆ ಎಂಬ ಯೋಚನೆಯೂ ಬಂತು. ಬಂದದ್ದಕ್ಕೆ ನಾಚಿಕೆಯೂ ಆಯಿತು. ಬೇಡವೇ ಬೇಡ, ಬೀಗದ ಕೈ ಹಿಂದಿರುಗಿಸಿಬಿಡೋಣ ಎಂದು ಅಲ್ಲೇ ಗಟ್ಟಿ ಮಾಡಿಕೊಂಡು, ಮಗಳನ್ನು ಕರೆಯಲು ಹಿತ್ತಲಿಗೆ ಬಂದಳು.

ಅಷ್ಟರಲ್ಲಿ ಗೋಡೆ ಹಾರಿ ಒಂದು ಚೆಂಡು ಬಿತ್ತು. ಬಾಲ್ ಎಸೀರಿ ಎಂದು ಆಚೆಯಿಂದ ಕೂಗು ಬಂತು. ಮಗಳು ಚೆಂಡು ಎತ್ತಿಕೊಂಡು, ಎಸೀತೀನಿ ಎಂದು ಮನೆಯ ಅಭ್ಯಾಸದಂತೆ ಪಿಸುಗುಟ್ಟಿದಳು. ಆಚೆಯವರಿಗೆ ಅದೆಲ್ಲಿ ಕೇಳಬೇಕು? ಮತ್ತೆ ಕೂಗಿದರು. ಇವಳು ಮತ್ತೆ ಪಿಸುಗುಟ್ಟಿದಳು. ಅಲ್ಲಿ ಯಾರೂ ಇಲ್ಲ ಕಣ್ರೋ ಎಂದು ಯಾರೋ ಅಂದದ್ದೇ ತಡ, ಮಗಳಿಗೆ ರೇಗಿಹೋಯಿತು. ಎದೆ ತುಂಬ ಉಸಿರೆಳೆದುಕೊಂಡು, "ಇದ್ದೀನಿ, ಹಿಡ್ಕೊಳ್ರೋ" ಎಂದು ಕಿರುಚಿ ಚೆಂಡು ಬೀಸಿದಳು. ತಾಯಿಯ ಬೆರಳು ಶ್ ಎನ್ನಲು ತಾನಾಗಿ ಮೇಲೆದ್ದಿತು; ಎದ್ದದ್ದು ಅರ್ಧಕ್ಕೇ ನಿಂತಿತು. ಚೆಂಡು ಮತ್ತೆ ಬಂತು, ಈ ಸಲ ಬೇಕೆಂದೇ. ಗಂಟೆ ಹೊಡೆದು ಬಯಲು ಖಾಲಿಯಾಗುವವರೆಗೂ ಮಗಳು ಕೂಗಿದಳು, ಕುಣಿದಳು, ಹೊಟ್ಟೆ ಹಿಡಿದುಕೊಂಡು ನಕ್ಕಳು. ತಾಯಿ ತಡೆಯಲಿಲ್ಲ. ಹೇಗಿದ್ದರೂ ಇದೊಂದು ದಿನದ ಸಂಭ್ರಮ.

ಗಂಡ ಚಾಪೆ ಸುತ್ತಿಕೊಂಡು ಹಿತ್ತಲಿಗೆ ಬಂದ. ಕಣ್ಣು ಕೆಂಡದ ಹಾಗಿತ್ತು. ಒಳ್ಳೇ ನಿದ್ದೆ ಬಂತು, ದಲ್ಲಾಳಿಗೆ ಹೂಂ ಅಂದುಬಿಡೋಣ ಎಂದ.

"ನನ್ನ ಕಿವಿಗೇ ಹೂವಿಡ್ತೀರಾ? ಒಂದು ಗೊರಕೆನೂ ಕೇಳ್ಲಿಲ್ಲ," ಎಂದಳು ಅವಳು. "ಈ ಮನೆ ಬೇಡ ರೀ. ನಿಮ್ಮ ನಿದ್ದೆ ಮಾರಿ ಮನೆ ತಗೊಳ್ಳೋದು ನಂಗಿಷ್ಟ ಇಲ್ಲ."

ಅವನು ಸಿಕ್ಕಿಬಿದ್ದವನ ಮುಖ ಮಾಡಿಕೊಂಡು ಹೊಸ್ತಿಲ ಮೇಲೆ ಕುಳಿತ. ಆದರೆ ಪಟ್ಟು ಬಿಡಲಿಲ್ಲ. ಕಿವಿಗೆ ಹತ್ತಿ ಇಟ್ಟುಕೊಂಡರಾಯಿತು, ಕಿಟಕಿಗೆ ದಪ್ಪ ಪರದೆ ಹಾಕಿದರಾಯಿತು, ಬೆಳಿಗ್ಗೆ ಒಂದಿಷ್ಟು, ಸಂಜೆ ಶಾಲೆ ಬಿಟ್ಟ ಮೇಲೆ ಒಂದಿಷ್ಟು ಎಂದು ನಿದ್ದೆಯನ್ನು ಎರಡು ಕಂತು ಮಾಡಿಕೊಂಡರಾಯಿತು ಎಂದೆಲ್ಲ ಹೇಳಿದ. ಇಷ್ಟು ಹಟ ಯಾಕೆ ಎಂದು ಅವಳು ಕೇಳಿದಳು.

"ಇದ್ದೀನಿ, ಇದ್ದೀನಿ ಅಂತ ಯಾರೋ ಕಿರುಚಿದ್ರಲ್ಲ, ಯಾವಳಪ್ಪಾ ಇವಳು ಗಂಟಲು ಹರ್ಕೊಳ್ಳೋಳು ಅಂತ ಸಿಟ್ಟು ಬಂತು. ಬೈಯೋಣ ಅಂತ ಎದ್ದು ಕಿಟಕಿಗೆ ಬಂದೆ." ಅವನು ಗೋಡೆಯ ಹತ್ತಿರ ಇನ್ನೂ ಏದುಸಿರು ಬಿಡುತ್ತಿದ್ದ ಮಗಳ ಕಡೆ ನೋಡಿದ. "ನಮ್ಮವಳು ಕಣೆ. ಸ್ವಂತ ಮಗಳ ದನಿ, ನಂಗೆ ಗುರುತೇ ಸಿಗ್ಲಿಲ್ಲ."